ಬೂದಿ ಬಟ್ಲು

ಕಲೈ ಕಣ್ಣು,

ನೀನು ಬರೋಗಂಟ ಕಾಯಕ್ಕಾಗಲ್ಲ, ಮೆಟ್ಟೂರು ಬಸ್ಸಿಗೆ ಓಗ್ತಾ ಇವ್ನಿ.

ಫಾರಿನ್ ಕಾಲೇಜಿಗೆ ಮಗ್ಗದ ಫೋಟೋ ಬೇಕು ಅಂದ್ಯಲ್ಲ, ಅಲ್ಲಿನ ಮೇಷ್ಟ್ರುಗಳು ನೋಡೋದು ಅಂತ ಬೂದಿ ಬಟ್ಲು ಎತ್ತಿಟ್ಟು, ಮಗ್ಗಕ್ಕೆ ಹೂವ ಮುಡಿಸಿದ್ದೆ. ತಪ್ಪು ನಂದೇ. ನೀನಾದ್ರೂ ಬಯ್ಯಬಾರ್ದಾ? ಸುಮ್ನೆ ಅಂಗೇ ಫೋಟೋ ತೆಗೆದ್ಯಲ್ಲ!

ಅಪ್ಲಿಕೇಶನ್ ಜತೆ ನೀನು ಬರೆದಿರೋ ಕಟ್ಟುರೈನ, ಅದೇ ಪ್ರಬಂಧನ, ನಿಮ್ಮಕ್ಕ ಇವತ್ತು ಓದಿ ಯೋಳಿದ್ಲು. ಪೂರಾ ಆ ಬೂದಿ ಮಾತೇ! ಹಳೇ ಎಳೆಗೆ ಹೊಸ ಎಳೆ ಹೊಸೆಯೋವಾಗ ಬೆರಳಿಗೆ ಬೂದಿ ಯಾಕೆ ಬೇಕು ಅಂತ ಎಷ್ಟು ಚೆಂದಾಗಿ ಬರ್ದಿದ್ದೀಯ. ಮೂವತ್ತು ವರ್ಷ ಅದ್ರಲ್ಲಿ ಬೆರಳದ್ದಿದೋನು ನಾನು, ಒಂದಿನಾನೂ ಯಾಕೆ ಅಂತ ಕೇಳ್ಕೊಂಡಿಲ್ಲ.

ಬಟ್ಲು ಇದ್ದ ಜಾಗಕ್ಕೇ ಇಟ್ಟಿವ್ನಿ. ಹೂವ ತೆಗೆದು, ಬೇರೆ ಫೋಟೋ ಹೊಡೆದು, ಐದು ಗಂಟೆಗೆ ಅಪ್ಲಿಕೇಶನ್ ಮುಗಿಯೋದ್ರೊಳಗೆ ಕಾಲೇಜಿಗೆ ಕಳ್ಸು.

ಬೂದಿ ಮಾತ್ರ ಸಮ ಮಾಡ್ಬೇಡ. ನನ್ನ ಬೆರಳ ಗುರುತೈತೆ, ಅದೂ ಫೋಟೋಲಿ ಬರ್ಲಿ.

ಅಪ್ಪ