ಎಡಗೈಯ ಬೀಸು

ಮಾರ್ಚ್ ೧೨, ಬುಧವಾರ
ಪ್ರಯೋಗಾಲಯದ ಕಿಟಕಿ ಪಕ್ಕದ ಮೇಜಿನಿಂದ

ಪ್ರೀತಿಯ ಅಮ್ಮ,

ಕಾಗದ ಬಂತೆಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಯಾವಾಗಲೂ ಟಿಕೆಟ್ ಕೊಡುತ್ತಾ ಬಸ್ಸಿನಲ್ಲಿರುತ್ತೀಯ, ಹಿಂದೆ ಬರೀ ಗದ್ದಲ. ಮನೆಯಲ್ಲಿದ್ದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಏನಾದರೊಂದು ತಮಾಷೆ ಮಾಡಿ ಮಾತು ಹಾರಿಸುತ್ತೀಯ. ಕಾಗದದ ಹತ್ತಿರ ನಿನ್ನ ಆಟ ನಡೆಯುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ. ಇಲ್ಲ, ಅದು ಸುಳ್ಳು. ನಿನ್ನೆಯಿಂದ ಕಾಫಿ ಬಿಟ್ಟರೆ ಬೇರೇನೂ ಒಳಗೆ ಇಳಿದಿಲ್ಲ. ಕೂತರೆ ಏಳಬೇಕು, ಎದ್ದರೆ ಓಡಾಡಬೇಕು ಅನ್ನಿಸುತ್ತದೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಕಾರಿಡಾರಿನಲ್ಲಿ ಸುತ್ತಿ ಬಂದೆ. ಅಲ್ಲಿ ಊರುಗೋಲು ಹಿಡಿದು ನಡೆಯುವ ಅಭ್ಯಾಸ ಮಾಡುತ್ತಿದ್ದ ಅಜ್ಜ ನನ್ನನ್ನು ನಿಲ್ಲಿಸಿ, ನೀನು ಯಾವ ಡಾಕ್ಟರಿಗೆ ತೋರಿಸ್ತಿದೀಯಮ್ಮ ಎಂದು ಕೇಳಿದರು.

ಮಗಳು ಏನು ಓದುತ್ತಿದ್ದಾಳೆಂದು ಯಾರಾದರೂ ಕೇಳಿದರೆ ನೀನು ಕಾಲು ನೀವುವುದರಲ್ಲಿ ಪಿಎಚ್‌ಡಿ ಅನ್ನುತ್ತೀಯಂತೆ. ನಿನ್ನ ಬಸ್ಸಿನ ಡ್ರೈವರ್ ಮಾವ ಹೇಳಿದರು. ಇರಲಿ. ಪಾರ್ಕಿನ್ಸನ್ ಕಾಯಿಲೆಯವರ ನಡಿಗೆ ಹೇಗೆ ಬದಲಾಗುತ್ತದೆ, ಯಾವ ವ್ಯಾಯಾಮದಿಂದ ಎಷ್ಟು ಸುಧಾರಿಸುತ್ತದೆ ಎಂಬುದು ನನ್ನ ವಿಷಯ. ಹೋಲಿಸಿ ನೋಡಲು ಆರೋಗ್ಯವಂತರ ನಡಿಗೆಯೂ ಬೇಕು. ಹೋದ ವರ್ಷ ಅದಕ್ಕೆ ಜನ ಸಿಗದೆ ಪರದಾಡುತ್ತಿದ್ದಾಗ ನೀನಾಗಿಯೇ ಬಂದೆಯಲ್ಲ, ನೆನಪಿದೆಯೇ? ಕೀಲು ಕೀಲಿಗೆ ಹೊಳೆಯುವ ಪುಟ್ಟ ಗುಂಡುಗಳನ್ನು ಟೆಕ್ನಿಶಿಯನ್ ಅಂಟಿಸಿದ ಮೇಲೆ ನಿನ್ನನ್ನು ಕ್ಯಾಮೆರಾಗಳ ನಡುವೆ ನಡೆಸಿದ್ದೆ. ಪರದೆಯ ಮೇಲೆ ಮನುಷ್ಯರು ಕಾಣುವುದಿಲ್ಲ, ಚುಕ್ಕೆಗಳಷ್ಟೇ ನಡೆಯುತ್ತವೆ. ಹೆಸರೂ ಇರುವುದಿಲ್ಲ, ಬರೀ ಸಂಖ್ಯೆ. ಯಾರದೆಂದು ಗೊತ್ತಿದ್ದರೆ ಅಳೆಯುವವರ ಮನಸ್ಸು ಒಂದು ಕಡೆಗೆ ವಾಲುತ್ತದೆಂದು ಹಾಗೆ ಮಾಡುತ್ತೇವೆ. ನಿನ್ನದು ಯಾವ ಸಂಖ್ಯೆ ಎಂದು ನನಗೂ ಗೊತ್ತಿರಲಿಲ್ಲ.

ಈ ತಿಂಗಳ ಕೊನೆಗೆ ಪ್ರಬಂಧ ಒಪ್ಪಿಸಬೇಕು. ಆರೋಗ್ಯವಂತರ ಗುಂಪಿನಲ್ಲಿ ಒಂದು ದಾಖಲೆ ಮಾತ್ರ ಹಟ ಹಿಡಿದಿತ್ತು. ಎಡಗೈ ಬೀಸುತ್ತಲೇ ಇಲ್ಲ ಎನ್ನಬೇಕು, ಅಷ್ಟು ಕಡಿಮೆ. ಎಡ ಹೆಜ್ಜೆಯೂ ತುಸು ಗಿಡ್ಡ. ಕ್ಯಾಮೆರಾ ಕೆಟ್ಟಿದೆ ಎಂದು ಟೆಕ್ನಿಶಿಯನ್ ಮೇಲೆ ಹರಿಹಾಯ್ದೆ. ಪಾಪ, ಅವರು ಎಲ್ಲವನ್ನೂ ಪರೀಕ್ಷಿಸಿ ಸರಿಯಾಗಿವೆ ಎಂದರು. ಹಾಗಾದರೆ ಗುಂಡು ಜಾರಿರಬೇಕು, ನೀವೇ ಸರಿಯಾಗಿ ಅಂಟಿಸಿಲ್ಲ ಎಂದೆ. ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಆ ದಾಖಲೆಯನ್ನು ತೆಗೆದುಹಾಕುತ್ತೇನೆಂದು ಗೈಡ್ ಮೇಡಂ ಹತ್ತಿರ ಹೋದರೆ, ಹಿಡಿಸಲಿಲ್ಲವೆಂದು ಪಕ್ಕಕ್ಕೆಸೆಯಲು ಅದೇನು ಹುಳುಕು ಬದನೆಕಾಯಿಯೇ, ಕಾರಣ ಬರೆದುಕೊಂಡು ಬಾ ಎಂದು ಅಟ್ಟಿದರು.

ಕಾರಣ ಹುಡುಕಲೆಂದು ನಿನ್ನೆ ಆ ಚುಕ್ಕೆಗಳನ್ನು ನಿಧಾನವಾಗಿ ಓಡಿಸಿ ನೋಡಿದೆ. ಪಾದಗಳನ್ನು ಅಗಲಕ್ಕೆ ಊರಿಕೊಂಡು, ನೆಲ ಯಾವಾಗ ಬೇಕಾದರೂ ಬ್ರೇಕ್ ಹಾಕೀತು ಎಂಬಂತೆ ಮೈ ಹದ ಮಾಡಿಕೊಂಡು ಯಾರೋ ಬರುತ್ತಿದ್ದರು. ಗಟ್ಟಿ ನೆಲದ ಮೇಲೂ ಹಾಗೆ ನಡೆಯುವವರು ಯಾರಮ್ಮ? ಓಡುವ ಬಸ್ಸಿನಲ್ಲಿ ನಿಂತು ರೂಢಿಯಾದ ನೀನೇ.

ನಿನ್ನ ಎಡಗೈ ಸುಮ್ಮನಿರುವುದನ್ನು ನಾನು ನೋಡಿಯೇ ಇದ್ದೆ. ಇಷ್ಟು ವರ್ಷ ಟಿಕೆಟ್ ಚೀಲವನ್ನು ಮೊಣಕೈಯಲ್ಲಿ ಒತ್ತಿ ಹಿಡಿದು ಅದೇ ರೂಢಿಯಾಗಿದೆ ಎಂದುಕೊಂಡಿದ್ದೆ. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವಾದಾಗ ವಯಸ್ಸಾಯಿತು ಕಂಡಕ್ಟರಮ್ಮ ಎಂದು ರೇಗಿಸಿದ್ದೆ. ದಿನವಿಡೀ ಊರವರ ನಡಿಗೆ ಅಳೆಯುವವಳಿಗೆ ಮನೆಯೊಳಗಿನ ನಡಿಗೆ ಕಾಣಲಿಲ್ಲವಲ್ಲ, ನನ್ನ ಓದಿಗಿಷ್ಟು ಬೆಂಕಿ ಹಾಕ.

ಚುಕ್ಕೆ ನೋಡಿ ಕಾಯಿಲೆ ಹೇಳಲು ಬರುವುದಿಲ್ಲ. ಬರೀ ಭುಜ ಹಿಡಿದುಕೊಂಡಿದ್ದರೂ ಹೀಗೆ ಕಾಣಬಹುದು. ಆದರೆ ನರರೋಗದ ಡಾಕ್ಟರಿಗೆ ತೋರಿಸಲೇಬೇಕು. ಮೇಡಂಗೆ ಇನ್ನೂ ಏನೂ ಹೇಳಿಲ್ಲ. ಯಂತ್ರದ ದೋಷ ಎಂದು ಬರೆದರೆ ಶುದ್ಧ ಸುಳ್ಳು. ನಿಜ ಬರೆಯೋಣವೆಂದರೆ, ಅಮ್ಮ, ನಿನ್ನನ್ನು ಆರೋಗ್ಯವಂತರ ಸಾಲಿನಿಂದ ಹೊಡೆದುಹಾಕಲು ನನಗೆ ಕೈ ಬರುತ್ತಿಲ್ಲ. ಪ್ರಬಂಧ ಮುಂದಕ್ಕೆ ಹಾಕಿ ಮುಂದಿನ ವಾರ ಬರುತ್ತೇನೆ. ಒಟ್ಟಿಗೆ ಡಾಕ್ಟರ ಹತ್ತಿರ ಹೋಗೋಣ. ಬೇಡ ಅನ್ನಬೇಡ, ನಿನಗೆ ಕೈ ಮುಗಿಯುತ್ತೇನೆ.

ನಿನ್ನ,
ಗಡಿಬಿಡಿ

ತಾ.ಕ.: ಬಸ್ಸು ಹೊರಡುವಾಗ ಎಡಗೈಯೊಂದನ್ನೇ ನಂಬಿ ಕಂಬ ಹಿಡಿಯಬೇಡ.



ಮಾರ್ಚ್ ೧೭, ಸೋಮವಾರ
ಡಿಪೋ

ಗಡಿಬಿಡಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದವನ್ನು ಎರಡನೇ ಸಲ ಓದುತ್ತಿದ್ದೆ. ಡ್ರೈವರ್ ಬಂದು ಏನಕ್ಕಾ ಸಮಾಚಾರ ಎಂದ. ನಮ್ಮ ಹುಡುಗಿಗೆ ಕೊನೆಗೂ ಓದಿದ್ದು ತಲೆಗೆ ಹತ್ತಿದೆ ಕಣೋ ಎಂದೆ.

ನಿನ್ನ ಚುಕ್ಕೆಗಳು ಸುಳ್ಳು ಹೇಳಿಲ್ಲ. ಹೊಸ ವರ್ಷದ ಹೊತ್ತಿಗೆ ಚಿಲ್ಲರೆ ಕೊಡುವಾಗ ಕಾಸು ಬೆರಳಿಂದ ಜಾರತೊಡಗಿತು. ನರದ ಡಾಕ್ಟರಿಗೆ ತೋರಿಸಿದೆ. ನಿನ್ನ ಪುಸ್ತಕದ ಕಾಯಿಲೆಯೇ. ಮಾತ್ರೆ ಶುರುವಾಗಿದೆ, ಗುಂಡಿ ಹಾಕಿಕೊಳ್ಳುವುದು ಮೊದಲಿಗಿಂತ ವಾಸಿ. ನಾನು ಈಗ ಬಸ್ಸು ಹತ್ತುವುದಿಲ್ಲ, ಡಿಪೋದಲ್ಲಿ ಪಾಸ್ ಕೊಡುವ ಕಿಟಕಿಯಲ್ಲಿ ಕೂತಿರುತ್ತೇನೆ. ಫೋನಿನಲ್ಲಿ ನಿನಗೆ ಕೇಳುವ ಗದ್ದಲ ಬಂದು ನಿಂತ ಬಸ್ಸುಗಳದ್ದು. ನಿನ್ನ ಪ್ರಬಂಧ ಮುಗಿಯಲಿ ಎಂದು ಬಾಯಿ ಹೊಲಿದುಕೊಂಡಿದ್ದೆ. ಡ್ರೈವರಿಗೂ ಆಣೆ ಹಾಕಿಸಿದ್ದೆ, ಅವನನ್ನು ಬಯ್ಯಬೇಡ.

ಈಗ ನಾನು ಹೇಳುವುದನ್ನು ಕೇಳು. ಮೊದಲು ಆ ಟೆಕ್ನಿಶಿಯನ್ನರ ಹತ್ತಿರ ಹೋಗಿ ತಪ್ಪಾಯಿತು ಅನ್ನು. ಆಮೇಲೆ ನಿನ್ನ ಮೇಡಂಗೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡು. ನಡೆದವಳಿಗೆ ಕಾಯಿಲೆ ಇರುವುದು ಆಮೇಲೆ ಗೊತ್ತಾಯಿತು ಎಂದು ಬರೆದರೆ ನನ್ನ ಮಾನವೇನೂ ಹೋಗುವುದಿಲ್ಲ. ಟಿಕೆಟ್ ಇಲ್ಲದೆ ಕೂತವರನ್ನು ನಾನು ಎಷ್ಟು ಸಲ ಕೆಳಗಿಳಿಸಿಲ್ಲ? ನನ್ನನ್ನೂ ಇಳಿಸು. ಪ್ರಬಂಧವನ್ನು ಈ ತಿಂಗಳೇ ಒಪ್ಪಿಸು. ಅದಕ್ಕೆ ಮೊದಲು ಬಂದೆಯೋ, ಬಾಗಿಲು ತೆಗೆಯುವವಳಲ್ಲ ನಾನು.

ಹೆದರಿಕೆ ಇಲ್ಲ ಅನ್ನಲಾರೆ. ಬೆಳಿಗ್ಗೆ ಎದ್ದ ತಕ್ಷಣ ಆ ಕೈಯನ್ನೇ ನೋಡುತ್ತೇನೆ. ಡಾಕ್ಟರು ವ್ಯಾಯಾಮದ ಚೀಟಿ ಕೊಟ್ಟಿದ್ದಾರೆ, ಅದನ್ನು ತೆಗೆದೇ ಇಲ್ಲ. ಹೇಳಿಕೊಡುವವಳು ಮನೆಮಗಳೇ ಆಗಿರುವಾಗ ಪರರ ಹತ್ತಿರ ಯಾಕೆ ಕಲಿಯಲಿ? ಕೆಲಸ ಮುಗಿಸಿ ಬಾ. ಬಂದು ನನ್ನ ಎಡಗಡೆ ನಡೆ.

ನಿನ್ನ ಅಮ್ಮ,
ಮಾಜಿ ಕಂಡಕ್ಟರ್

ತಾ.ಕ.: ಹೋದ ವರ್ಷ ನಾನಾಗಿ ಬಂದದ್ದು ನಿನಗೆ ಜನ ಸಿಗಲಿಲ್ಲವೆಂದಲ್ಲ. ಆಗಲೇ ಆ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಡಾಕ್ಟರ ಹತ್ತಿರ ಹೋಗಲು ಧೈರ್ಯ ಸಾಲದೆ, ನಿನ್ನ ಮುಂದೆ ನಡೆದರೆ ಏನಿದೆಯೋ ನೀನೇ ಹೇಳುತ್ತೀಯ ಎಂದುಕೊಂಡು ಬಂದಿದ್ದೆ. ನಡೆದು ಮುಗಿಸಿ ನಿನ್ನ ಮುಖ ನೋಡಿದೆ. ನೀನು ಗುಂಡುಗಳನ್ನು ಕೀಳುತ್ತಾ, "ಚೆನ್ನಾಗಿ ನಡೆದೆ ಅಮ್ಮ" ಅಂದೆ. ಆ ಒಂದು ಮಾತಿನ ಮೇಲೆ ಇಷ್ಟು ದಿನ ಚೆನ್ನಾಗಿಯೇ ನಡೆದೆ ಕಣೇ.