ಎರಡೂ ಗಾಡಿಯ ಕೀ

ಯಜಮಾನರಿಗೆ ನಮಸ್ಕಾರ.

ಹೊಸ ಆಟೋಮ್ಯಾಟಿಕ್ ಲಾರಿಯನ್ನು ಎಲ್ಲರಿಗಿಂತ ಮೊದಲು ನನ್ನ ಕೈಗೆ ಕೊಟ್ಟಿರಿ. ಆ ಮರ್ಯಾದೆಯನ್ನು ಮರೆಯುವುದಿಲ್ಲ. ಕ್ಲಚ್ಚೇ ಇಲ್ಲದ ಗಾಡಿ, ಇನ್ನು ನಿನ್ನ ಎಡಗಾಲಿಗೆ ಪಿಂಚಣಿ ಎಂದು ಗ್ಯಾರೇಜಿನವರೆಲ್ಲ ನಕ್ಕರು. ನಾನೂ ನಕ್ಕೆ.

ಆದರೆ ಗಾಡಿಯನ್ನು ವಾಪಸ್ ಒಪ್ಪಿಸುತ್ತಿದ್ದೇನೆ. ಅದರಲ್ಲಿ ದೋಷವೇನೂ ಇಲ್ಲ. ಏರು ಬಂದರೆ ತಾನೇ ಗೇರ್ ಇಳಿಸಿಕೊಳ್ಳುತ್ತದೆ, ಅದೂ ನನಗಿಂತ ನಾಜೂಕಾಗಿ.

ನಿನ್ನೆ ಬೆಳಿಗ್ಗೆ, ಸ್ಟಾರ್ಟ್ ಆಗಿದ್ದ ಎಂಜಿನ್ನಿಗೇ ಮತ್ತೆ ಕೀ ತಿರುಗಿಸಿದೆ. ಮೆಕ್ಯಾನಿಕ್ ಓಡಿಬಂದು ಕೈ ಹಿಡಿದ. "ಅಣ್ಣಾ, ಆಗ್ಲೇ ಸ್ಟಾರ್ಟ್ ಆಗಿದೆಯಲ್ಲ, ಕೇಳಿಸ್ಲಿಲ್ವಾ?" ಅಂದದ್ದು ಅವನ ತುಟಿ ನೋಡಿ ಗೊತ್ತಾಯಿತು.

ಹಳೇ ಲಾರಿಯ ಗೇರ್ ರಾಡ್ ಅಂಗೈಯಲ್ಲಿ ನಡುಗುತ್ತಿತ್ತು. ಯಾವಾಗ ಗೇರ್ ಬದಲಿಸಬೇಕೆಂದು ಆ ನಡುಕವೇ ಹೇಳುತ್ತಿತ್ತು. ಹೊಸದರಲ್ಲಿ ರಾಡಿನ ಜಾಗಕ್ಕೆ ಒಂದು ಗುಂಡಿ ಇದೆ, ಅದು ಮಿಸುಕುವುದೇ ಇಲ್ಲ. ಎರಡು ವರ್ಷ ಅಂಗೈಯನ್ನೇ ನಂಬಿ ಓಡಿಸಿದೆ, ಯಾರಿಗೂ ಸುಳಿವು ಕೊಡಲಿಲ್ಲ.

ಹಳೇ ಗಾಡಿಯನ್ನೇ ಕೊಡಿ ಎಂದು ಬರೆದು, ಎರಡು ಸಲ ಹರಿದು ಹಾಕಿದೆ. ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ನನ್ನು ಗೇರ್ ರಾಡ್ ಹೇಳುವುದಿಲ್ಲ.

ಹಾಗಾಗಿ ಎರಡೂ ಗಾಡಿಯ ಕೀ ಲಕೋಟೆಯಲ್ಲಿವೆ. ಗ್ಯಾರೇಜಿನಲ್ಲಿ ಕೆಲಸವಿದ್ದರೆ ತಿಳಿಸಿ. ಗೇರ್‌ಬಾಕ್ಸ್ ಬಿಚ್ಚಿ ಕೂಡಿಸಲು ನನ್ನ ಕೈ ಸಾಕು.

ಉತ್ತರವನ್ನು ಬರೆದೇ ಕಳಿಸಿ. ಫೋನ್ ಮಾಡಿದರೆ ನನ್ನ ಹೆಂಡತಿಯೇ ಎತ್ತಬೇಕು. "ಅವರು ಮಲಗಿದ್ದಾರೆ" ಎಂದು ಎರಡು ವರ್ಷದಿಂದ ನಿಮಗೆ ಸುಳ್ಳು ಹೇಳಿ ಹೇಳಿ ಅವಳಿಗೂ ಸಾಕಾಗಿದೆ.

ಇಂತಿ,
ನಿಮ್ಮ ಹಳೇ ಲಾರಿಯ ಡ್ರೈವರ್