ಸುಲಭದ ದಾರಿ ಎಂದಿದ್ದೆ

ಫೆಬ್ರವರಿ 12, ಬುಧವಾರ

ಮಾರಿಸ್‌ಟೌನ್ ಆಫೀಸಿನಿಂದ ಮನೆಗೆ ಬಂದಾಗ ಆರೂವರೆ. ಸ್ಕೀ ಜಾಕೆಟ್ ಹುಡುಕಿ ತೆಗೆದೆ. ಶನಿವಾರ ಪೊಕೊನೋಸ್ ಬೆಟ್ಟಕ್ಕೆ, ಹಿಮದಲ್ಲಿ ಜಾರಲು. ಆರು ವರ್ಷದಿಂದ ಇದೇ ವೀಕೆಂಡ್ — ಪ್ರೀತಮ್, ನಾನು, ಇಬ್ಬರೇ. ಮೈಸೂರಿನ ಕಾಲೇಜಿನಿಂದ ಜೊತೆ. ಅವನಿಗೆ ಸ್ಕೀ ಕಲಿಸಿದ್ದೂ ನಾನೇ.

ಎಂಟಕ್ಕೆ ಅವನ ಫೋನು. "ಮಗಾ, ವೀರೇಂದ್ರನ್ನೂ ಕರ್ಕೊಂಡ್ ಬರ್ತೀನಿ. ಪಾಪ, ಸ್ನೋ ನೋಡ್ತಿರೋದೇ ಈ ವರ್ಷ."

ಸರಿ ಎಂದೆ. ಇನ್ನೇನು ಹೇಳಲಿ.

ವೀರೇಂದ್ರ ಅವನ ಟೀಮಿನ ಹೊಸಬ. ಧಾರವಾಡದವನು. ಊರು ಬಿಟ್ಟು ಈ ದೇಶಕ್ಕೆ ಬಂದು ನಾಲ್ಕು ತಿಂಗಳು. ಅಷ್ಟರಲ್ಲೇ ಪ್ರೀತಮನ ಬಾಯಲ್ಲಿ "ಹೌದಲ್ರೀ", "ಏನ್ಪಾ"... ಪ್ರತಿ ಭಾನುವಾರ ಇಬ್ಬರಿಗೂ ವೀರೇಂದ್ರನ ಮನೆಯಲ್ಲಿ ರೊಟ್ಟಿ ಊಟ. ನನಗೆ ಫೋಟೋ ಮಾತ್ರ ಬರುತ್ತದೆ.

ಫೆಬ್ರವರಿ 15, ಶನಿವಾರ, ಮಧ್ಯಾಹ್ನ 1.30

ರೆಸಾರ್ಟಿನ ಕೆಫೆಯಲ್ಲಿ ಒಬ್ಬನೇ. ಫೋನಿನಲ್ಲೇ ಬರೆಯುತ್ತಿದ್ದೇನೆ.

ಕಾರಿನಲ್ಲಿ ನನಗೆ ಹಿಂದಿನ ಸೀಟು. ವೀರೇಂದ್ರನಿಗೆ ತಲೆ ಸುತ್ತುತ್ತದಂತೆ, ಮುಂದೆ ಕೂತ. ದಾರಿಯುದ್ದಕ್ಕೂ ಅವರಿಬ್ಬರದೇ ಆಫೀಸಿನ ಮಾತು.

ಕಲಿಯುವವರ ಇಳಿಜಾರಿನಲ್ಲಿ ಪ್ರೀತಮ್ ವೀರೇಂದ್ರನ ಎರಡೂ ಕೈ ಹಿಡಿದು ಹಿಮ್ಮುಖವಾಗಿ ಜಾರುತ್ತಿದ್ದ. "ಮಂಡಿ ಮಡಚು. ಕಾಲು ನೋಡ್ಬೇಡ, ಹೋಗೋ ಕಡೆ ನೋಡು." ಅಕ್ಷರ ಅಕ್ಷರ ನನ್ನ ಮಾತು.

"ಬಾರೋ, ಮೇಲೆ ಹೋಗೋಣ" ಎಂದೆ.

"ನೀನು ಹೋಗ್ಬಾ. ಇವನೊಬ್ನೇ ಆಗ್ತಾನೆ."

ಎರಡು ಸಲ ಒಬ್ಬನೇ ಹೋಗಿ ಬಂದೆ. ತಂತಿಯ ಮೇಲೆ ಬೆಟ್ಟಕ್ಕೆ ಒಯ್ಯುವ ಲಿಫ್ಟಿನಲ್ಲಿ ಪಕ್ಕದ ಸೀಟು ಖಾಲಿ.

ಫೆಬ್ರವರಿ 16, ಭಾನುವಾರ

ನಿನ್ನೆಯದನ್ನು ಬರೆಯಲೇಬೇಕು.

ಪ್ರೀತಮ್ ಯಾವುದೋ ಆಫೀಸ್ ಕಾಲ್ ಎಂದು ಪಾರ್ಕಿಂಗ್ ಕಡೆ ಹೋದ. ವೀರೇಂದ್ರ ನನ್ನ ಹತ್ತಿರ ಬಂದ.

"ಮ್ಯಾಲಿಂದ ಹ್ಯಾಂಗ್ ಕಾಣ್ತದರೀ?"

"ಬನ್ನಿ, ತೋರಿಸ್ತೀನಿ."

"ಇಳೀಲಿಕ್ಕೆ ನನಗ ಆಗ್ತದೇನ್ರೀ?"

"ಸುಲಭದ ದಾರಿ" ಎಂದೆ.

ಅಲ್ಲ. ನನಗೆ ಗೊತ್ತಿತ್ತು. ಮಧ್ಯಾಹ್ನದ ಮೇಲೆ ಆ ಇಳಿಜಾರು ಹೆಪ್ಪುಗಟ್ಟಿ ಗಾಜಿನ ಹಾಗಿರುತ್ತದೆ. ಮೇಲೆ ಹೋಗಿ ಹೆದರಲಿ, ಕೂತುಕೊಂಡೇ ಜಾರಿ ಬರಲಿ, ಪ್ರೀತಮ್ ನೋಡಲಿ — ಅಷ್ಟೇ ಇದ್ದದ್ದು ಮನಸ್ಸಿನಲ್ಲಿ. ಅಷ್ಟೇನಾ...

ಲಿಫ್ಟ್ ಇಳಿದು ಕೆಳಗೆ ನೋಡಿದ. "ಗೌರವ್ ಅವರಽ, ಇದು..." ಎಂದ. ಕೇಳಿಸದವನ ಹಾಗೆ ಮುಂದೆ ಜಾರಿದೆ. ಕೂಗು ಕೇಳಿ ತಿರುಗಿದಾಗ ಬೇಲಿಯ ಕಂಬದ ಬುಡದಲ್ಲಿ ಬಿದ್ದಿದ್ದ. ಬಲಗೈ ಮೈ ಕೆಳಗೆ. ರೆಸಾರ್ಟಿನವರು ಹಿಮದ ಮೇಲೆ ಎಳೆಯುವ ಸ್ಲೆಡ್ಡಿನಲ್ಲಿ ಮಲಗಿಸಿ ಕೆಳಗೆ ತಂದರು. ಮುಂಗೈ ಮೂಳೆ ಮುರಿದಿದೆ. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯಲ್ಲಿ ಪ್ರೀತಮ್ ಕೇಳಿದ. "ಯಾರು ಕರ್ಕೊಂಡ್ ಹೋದ್ರು ಮೇಲೆ?"

ನಾನು ಕೈಗವಸು ಮಡಚುತ್ತ ನಿಂತೆ.

"ನಾನಽ ಹೋದ್ನಿ" ಎಂದ ವೀರೇಂದ್ರ. "ಗೌರವ್ ಬ್ಯಾಡ ಅಂದ್ರು. ನಾನಽ ಕೇಳಲಿಲ್ಲ."

ನನ್ನ ಕಡೆ ನೋಡಲಿಲ್ಲ. ಪ್ರೀತಮ್ ನನ್ನ ಭುಜದ ಮೇಲೆ ಕೈಯಿಟ್ಟ. "ನೀನಾದ್ರೂ ಜೊತೆಗಿದ್ಯಲ್ಲ, ಸದ್ಯ."

ಉಸಿರು ಬಂತು. ಅದರ ಹಿಂದೆಯೇ ಹೊಟ್ಟೆಕಿಚ್ಚು. ದೊಡ್ಡ ಮನಸ್ಸೂ ಅವನದೇ ಆಯಿತು.

ಫೆಬ್ರವರಿ 22, ಶನಿವಾರ

ಒಂದು ಕೈಯಲ್ಲಿ ವೀರೇಂದ್ರನಿಗೆ ಏನೂ ಮಾಡಿಕೊಳ್ಳಲಾಗದು. ಹಾಗಾಗಿ ಬಾಸ್ಕಿಂಗ್ ರಿಡ್ಜ್‌ನಲ್ಲಿ ಪ್ರೀತಮನ ಮನೆಯಲ್ಲೇ ಇದ್ದಾನೆ. ನಾನು ಮಾಡಿಕೊಟ್ಟದ್ದೇ ಇದು.

ಪಲಾವ್ ಮಾಡಿಕೊಂಡು ಹೋದೆ. ಪ್ರೀತಮ್ ಅಂಗಡಿಗೆ ಹೋಗಿದ್ದ. ಕೇಳಿಯೇಬಿಟ್ಟೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು.

"ಹೇಳಿದ್ರ ನಿಮ್ಮಿಬ್ಬರ ನಡುವ ಕೆಡ್ತಿತ್ತು. ನನ್ನಿಂದ ಅದು ಆಗೋದು ಬ್ಯಾಡಾಗಿತ್ತು." ಪ್ಲಾಸ್ಟರಿನ ಅಂಚು ಸವರುತ್ತ, "ಆದ್ರ ಸುಳ್ಳ್ಯಾಕ ಹೇಳಿದ್ರಿ? ಅದೊಂದು ತಿಳೀವಲ್ದು ನನಗ."

ಅಷ್ಟರಲ್ಲಿ ಪ್ರೀತಮ್ ಬಂದ. ಕೈಯಲ್ಲಿ ಚೀಲಗಳು. ಅವನು ಕೂರುವ ಮೊದಲೇ ಹೇಳಿದೆ. ಕರೆದುಕೊಂಡು ಹೋದವನು ನಾನು. ಕಷ್ಟದ ದಾರಿ ಎಂದು ಗೊತ್ತಿದ್ದೇ ಸುಳ್ಳು ಹೇಳಿದೆ.

ಪೂರ್ತಿ ಕೇಳಿಸಿಕೊಂಡ. ಹಾಲನ್ನು ಫ್ರಿಜ್ಜಿಗಿಟ್ಟ. ಅದರ ಬಾಗಿಲು ಮುಚ್ಚಿದ.

"ಈಗ ಹೋಗು, ಗೌರವ್."

ಮಗಾ ಎನ್ನಲಿಲ್ಲ.

ಮಾರ್ಚ್ 27, ಗುರುವಾರ

ಮೂವತ್ತಮೂರು ದಿನ. ಪ್ರೀತಮನ ಫೋನಿಲ್ಲ. ನಾನೇ ಕಳಿಸಿದ ಎರಡು ಮೆಸೇಜಿಗೂ ಉತ್ತರವಿಲ್ಲ.

ಇವತ್ತು ಅವನ ಮೆಸೇಜು ಬಂತು. "ನಾಳೆ ವೀರೂನ ಪ್ಲಾಸ್ಟರ್ ತೆಗೀತಾರೆ. ನಂಗೆ ಕ್ಲೈಂಟ್ ಮೀಟಿಂಗ್. ಕರ್ಕೊಂಡ್ ಹೋಗ್ತೀಯಾ?"

ವೀರೂ ಅಂತೆ. ಅಲ್ಲೇ ಕಣ್ಣು ನಿಂತಿತು. ಆಮೇಲೆ ಹೂಂ ಎಂದು ಕಳಿಸಿದೆ.

ಮಾರ್ಚ್ 28, ಶುಕ್ರವಾರ

ರಜೆ ಹಾಕಿ ಹೋದೆ. ಪ್ಲಾಸ್ಟರ್ ಒಳಗಿನ ಕೈ ಬಿಳಿಚಿಕೊಂಡು ಸಣ್ಣಗಾಗಿತ್ತು. ನೋಡಲಾಗಲಿಲ್ಲ. ನೋಡಿದೆ.

ವಾಪಸ್ ಬಿಡುವಾಗ ಪ್ರೀತಮ್ ಮನೆಗೆ ಬಂದಿದ್ದ. "ಟೀ ಕುಡ್ಕೊಂಡ್ ಹೋಗು" ಎಂದ. ನನ್ನ ಮುಖ ನೋಡದೆ. ಮೂವರೂ ಕುಡಿದೆವು. ಅವರಿಬ್ಬರೂ ಮ್ಯಾನೇಜರ್ ಬಗ್ಗೆ ಏನೋ ಹೇಳಿಕೊಂಡು ನಕ್ಕರು. ನನಗೆ ಅರ್ಥವಾಗಲಿಲ್ಲ. ಒಳಗೆ ಮತ್ತೆ ಅದೇ ಉರಿ. ಹೋಗಿಲ್ಲ ಅದು.

ಹೊರಟಾಗ ವೀರೇಂದ್ರ ಬಾಗಿಲ ತನಕ ಬಂದ. ಯಾಕೆ ಸುಳ್ಳು ಹೇಳಿದೆ ಎಂಬ, ಅವತ್ತು ಬಾಕಿ ಉಳಿದ ಉತ್ತರ ಹೇಳಿದೆ.

"ಅವನು ನಿಮ್ಮ ಕೈ ಹಿಡಿದು ಕಲಿಸ್ತಿದ್ದಿದ್ದನ್ನ ನೋಡೋಕಾಗ್ಲಿಲ್ಲ. ಅದಕ್ಕೇ."

ಅವನು ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಚ್ಚಿದ. "ಈಗರೀ?"

"ಈಗ್ಲೂ ಕಷ್ಟಾನೇ."

ತಲೆಯಾಡಿಸಿದ. ಒಳಗೆ ಹೋಗಲಿಲ್ಲ. ನಾನು ಕಾರಿನ ತನಕ ಹೋದವನು ತಿರುಗಿ, "ಭಾನುವಾರ ರೊಟ್ಟಿ ಊಟಕ್ಕೆ ನಾನೂ ಬರ್ಲಾ?" ಎಂದೆ.